ಕುಣಿಯೊಳಗೆ ಇಳಿಯುವವರು

ಟಿಕೋಟಾದಲ್ಲಿ, ಹಳ್ಳದ ಕಡೆ ಇಳಿಯುವ ಒಂದು ದ್ರಾಕ್ಷಿ ತೋಟದ ತುದಿಯಲ್ಲಿ, ಹೂಳಲು ತೆಗೆದ ಕುಣಿಯ ಬಡಗಣ ಅಂಚಿಗೆ ನಾನು ನಿಂತಿದ್ದೆ. ಶ್ರಾವಣದ ಎರಡನೆಯ ಸೋಮವಾರ. ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು, ಆದರೆ ಮಣ್ಣು ಕೊಡಲು ಬಂದವರು ಯಾರೂ ಉಂಡಿರಲಿಲ್ಲ. ಹಿಂದಿನ ದಿನದ ಮಳೆಗೆ ನೆಲ ತೊಯ್ದಿತ್ತು. ನಾನು ನಿಂತ ಹೊತ್ತಿಗೆ ಮಳೆ ಇರಲಿಲ್ಲ, ಬಿಸಿಲಿತ್ತು. ನನ್ನ ಎಡಕ್ಕೆ, ಅಂದರೆ ಮೂಡಲಕ್ಕೆ, ಅಗೆದು ಹಾಕಿದ ಮಣ್ಣಿನ ಗುಡ್ಡೆ. ಬಲಕ್ಕೆ, ಕುಣಿಯ ಪಡುವಣ ಗೋಡೆಯಲ್ಲಿ, ಸತ್ತವರನ್ನು ಕೂರಿಸಲು ಕೊರೆದ ಗೂಡು.

ಇಷ್ಟನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಆ ದಿನ ನಡೆದದ್ದನ್ನು ಈಗ ಜನ ಬೇರೆ ಬೇರೆ ರೀತಿ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಹಲವರು ಅಲ್ಲಿರಲೇ ಇಲ್ಲ. ನಾನಿದ್ದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂಬುದು ನನ್ನ ಆಸೆ.

ನಾನು ಆರೋಗ್ಯ ನಿರೀಕ್ಷಕನಾಗಿದ್ದೆ. ಬಹಳ ಕಾಲ ವಿಜಯಪುರ ನಗರದಲ್ಲಿ, ಕೊನೆಯ ವರ್ಷಗಳಲ್ಲಿ ಟಿಕೋಟಾ ಮತ್ತು ಬಬಲೇಶ್ವರಗಳಲ್ಲಿ. ಹೋಟೆಲು, ಚರಂಡಿ, ಸೊಳ್ಳೆ, ಬೀದಿನಾಯಿ ನಮ್ಮ ಪಾಲಿಗೆ ಬರುತ್ತವೆ ಎಂದು ಎಲ್ಲರಿಗೂ ಗೊತ್ತು. ಸುಡುಗಾಡೂ ಬರುತ್ತದೆ ಎಂದು ಸೇರುವಾಗ ಯಾರೂ ಹೇಳುವುದಿಲ್ಲ. ಹೂಳುವ ಜಾಗ ನೀರಿನ ಸೆಲೆಗೆ ಹತ್ತಿರವಿದೆಯೇ, ಕುಣಿ ಸಾಕಷ್ಟು ಆಳವಿದೆಯೇ, ಸುಡುವ ಕಟ್ಟಿಗೆ ಒಣಗಿದೆಯೇ, ಹೆಣದ ಗಾಡಿಯನ್ನು ತೊಳೆದಿದ್ದಾರೆಯೇ, ಇವೆಲ್ಲವನ್ನೂ ನೋಡಬೇಕು. ಅಳುತ್ತಿರುವವರ ನಡುವೆ ನಿಂತು ನೋಡಬೇಕು.

ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಅವರ ಜತೆ ಮೊದಲ ಸಲ ನಗರದ ಸುಡುಗಾಡಿಗೆ ಹೋದಾಗ ನಾನು ಹುರುಪಿನಿಂದ ಅಳತೆಯ ಟೇಪು ಬಿಚ್ಚಿದೆ. ಅವರು ತೋಳು ಹಿಡಿದು ಜಗ್ಗಿದರು.

“ಲೇ ತಮ್ಮಾ, ಟೇಪ್ ಒಳಗ ಹಾಕು. ಮೊದಲ ಕೈ ಮುಗಿ. ಅವರ ಮನ್ಯಾಗ ಮಂದಿ ಸತ್ತಾರ, ನಿನಗ ಅಳತೀ ಚಿಂತಿ.”

ಅವರು ಕಲಿಸಿದ್ದರಲ್ಲಿ ಅದು ದೊಡ್ಡದು. ಉಳಿದದ್ದನ್ನು ಜನರೇ ಕಲಿಸಿದರು. ಒಂದು ಮಳೆಗಾಲ ಚಿತೆಗೆ ಹಳೇ ಸ್ಕೂಟರ್ ಟಾಯರ್ ಹಾಕಿ ಹೊತ್ತಿಸುತ್ತಿದ್ದರು. ಕರಿ ಹೊಗೆ ಪಕ್ಕದ ಓಣಿಯ ಮನೆಗಳಿಗೆ ನುಗ್ಗಿ ದೂರು ಬಂದಿತ್ತು. ತಂದೆಗೆ ಬೆಂಕಿ ಕೊಡಲು ನಿಂತಿದ್ದವನೊಬ್ಬನಿಗೆ ಟಾಯರ್ ತೆಗೆಸಪ್ಪ ಎಂದೆ. ಅವನು ನನ್ನನ್ನು ನೋಡಿದ.

“ಸಾಹೇಬ್ರ, ಹಸೀ ಕಟಗಿ ಕೊಟ್ಟವ್ರು ನಿಮ್ಮವ್ರ. ಟಾಯರ್ ಬ್ಯಾಡಂದ್ರ ಇಲ್ಲಿ ಕುಂದರ್ರಿ, ನೀವ ಊದ್ರಿ.”

ಊದಲು ಹೋಗಲಿಲ್ಲ. ಮರುವಾರದಿಂದ ಕಟ್ಟಿಗೆ ಅಟ್ಟಿಯ ಮೇಲೆ ತಗಡು ಹೊದಿಸುವವರೆಗೂ ಕಚೇರಿಯಲ್ಲಿ ಎಲ್ಲರ ತಲೆ ತಿಂದೆ. ಟಾಯರ್ ತಾನಾಗಿಯೇ ನಿಂತಿತು.

ಬಬಲೇಶ್ವರದಲ್ಲಿ ಕಲಿತದ್ದು ಇನ್ನೊಂದು. ನಮ್ಮ ಕಡೆ ಲಿಂಗಾಯತರು ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸುತ್ತಾರೆ. ಜೀವ ಹೋದ ಮೇಲೆ ಮೈ ಸೆಟೆಯುವ ಮೊದಲೇ ಪದ್ಮಾಸನ ಹಾಕಿಸಿ, ಗೋಡೆಗೆ ಆನಿಸಿ, ಬಟ್ಟೆಯಿಂದ ಕಟ್ಟಿ ಕೂರಿಸಬೇಕು. ಅಲ್ಲಿಗೆ ಹೆಣ ಇಡುವ ಥಂಡಿ ಪೆಟ್ಟಿಗೆ ಬಾಡಿಗೆಗೆ ಬಂದ ಹೊಸತು. ತಂದವನು ಅಶೋಕ ಎಂಬ ಮಂಟಪ ಹಾಕುವ ಅಂಗಡಿಯವನು. ಪುಣೆಯಿಂದ ಮಗಳು ಬರಲಿ ಎಂದು ಒಂದು ಮನೆಯವರು ಹಿರಿಯನನ್ನು ಅದರಲ್ಲಿ ಉದ್ದಕ್ಕೆ ಮಲಗಿಸಿದರು. ಮಗಳು ಬಂದಳು. ಹಿರಿಯ ಹಲಗೆಯ ಹಾಗೆ ಸೆಟೆದಿದ್ದ. ಹೆಣವನ್ನು ಕೂರಿಸಿ ಹೊತ್ತೊಯ್ಯುವ ವಿಮಾನ ಕಟ್ಟಿ ನಿಲ್ಲಿಸಿತ್ತು, ಕೂರಿಸುವುದು ಆಗಲೊಲ್ಲದು. ಪೆಟ್ಟಿಗೆಗೆ ಪರವಾನಿಗೆ ಕೊಟ್ಟವನು ನಾನೆಂದು ನನ್ನನ್ನೂ ಕರೆಸಿದರು. ನಾನು ಹೋಗುವಷ್ಟರಲ್ಲಿ ಅಳಿಯ ಅಶೋಕನ ಅಂಗಿ ಹಿಡಿದಿದ್ದ.

“ಲೇ, ನಮ್ಮ ಮಾವಗ ಏನ್ ಮಾಡಿ ಇಟ್ಟಿಲೇ? ಕುಂದರ್ಸು ಈಗ! ಕುಂದರ್ಸಿ ತೋರ್ಸು!”

“ಯಣ್ಣಾ, ಪೆಟಗಿ ತಗೋಳೂ ಮುಂದ ಮಲಗ್ಸೂದಂತ ಹೇಳೀರಿ. ಕುಂದರ್ಸೂದಂತ ಯಾರರ ಅಂದ್ರೇನು?”

ಇಂಥದಕ್ಕೆ ನಮ್ಮಲ್ಲಿ ನಿಯಮವಿಲ್ಲ. ಮನೆಯ ಮುದುಕಿಯರು ಬಿಸಿನೀರಿನ ಬಟ್ಟೆ ಹಾಕುತ್ತ, ತಿಕ್ಕುತ್ತ, ಕೂಸನ್ನು ರಮಿಸುವ ಹಾಗೆ ಏನೇನೋ ಹೇಳುತ್ತ ಕೂತರು. ಸಂಜೆಯ ಹೊತ್ತಿಗೆ ಮೈ ಸಡಿಲವಾಗಿ ಆತ ಕೂತ. ಮುಂದೆ ಅಶೋಕ ಗಾಜಿನ ಬಾಗಿಲಿನ ಒಂದು ಹಳೇ ಸೋಡಾ ಫ್ರಿಜ್ ತಂದು, ಅಡ್ಡ ಪಟ್ಟಿ ಕಿತ್ತು, ಒಳಗೆ ಮಣೆ ಇಟ್ಟು, ಕೂರಿಸುವ ಪೆಟ್ಟಿಗೆ ಮಾಡಿದ. ನೋಡಲು ನನ್ನನ್ನು ಕರೆದ. “ನಾನ ಕುಂತ ನೋಡೇನ್ರಿ ಸಾಹೇಬ್ರ. ಆರಾಮ ಐತಿ, ಥಂಡಿ ಒಂದ,” ಎಂದ. ಅರ್ಥಿಂಗ್ ಸರಿ ಇದೆಯೇ ಎಂದು ನೋಡಿಸಿ ಒಪ್ಪಿಗೆ ಕೊಟ್ಟೆ. ನಾನಿರುವಾಗಲೇ ನಿಡೋಣಿಯ ಮುದುಕರೊಬ್ಬರು ಬಂದು, ತಲೆಯ ಮೇಲಿನ ರುಮಾಲು ಮುಟ್ಟಿಕೊಂಡು, “ತಮ್ಮಾ, ಇದರ ಸಮೇತ ಹಿಡಸ್ತೇನಿಲ್ಲ ಅಳದ ನೋಡಲಾ,” ಎಂದರು. ಅವರು ನಗಲಿಲ್ಲ. ಅಶೋಕ ಅಳೆದ. ನಾನೂ ನಗಲಿಲ್ಲ.

ಈಗ ಟಿಕೋಟಾದ ಮಾತು.

ಹಳ್ಳಿಗಳಲ್ಲಿ ಜನ ತಮ್ಮವರನ್ನು ತಮ್ಮ ಹೊಲದಲ್ಲಿಯೇ ಇಟ್ಟುಕೊಳ್ಳುತ್ತಾರೆ. ಊರು ಪಟ್ಟಣ ಪಂಚಾಯಿತಿ ಆದ ಮೇಲೆ ಹದ್ದಿನೊಳಗಿನ ಹೊಲದಲ್ಲಿ ಹೂಳಲು ಒಪ್ಪಿಗೆ ಬೇಕು. ಹಾಗೆ ನನ್ನಲ್ಲಿಗೆ ಬಂದವರಲ್ಲಿ ನೀಲವ್ವ ಎಂಬ ಹೆಂಗಸು ಒಬ್ಬರು. ಗಂಡ ಸಂಗಪ್ಪ ಬೆಳಗಿನ ಜಾವ ತೀರಿಕೊಂಡಿದ್ದರು. ಮೈದುನ ಮಲ್ಲಪ್ಪನೊಂದಿಗೆ ತಾವೇ ಬಂದಿದ್ದರು. ಗಂಡ ದಿನವೂ ಕೂಡುತ್ತಿದ್ದ ಬಾವಿಯ ಪಕ್ಕದಲ್ಲೇ ಮಣ್ಣು ಕೊಡಬೇಕೆಂಬುದು ಅವರ ಆಸೆ. ಹೋಗಿ ನೋಡಿದೆ. ಆ ಬಾವಿಯ ನೀರನ್ನು ಸುತ್ತಲಿನ ಮನೆಗಳವರು ಕುಡಿಯುತ್ತಿದ್ದರು. ಆಗದು ಎಂದೆ.

“ಆ ಬಾವಿ ನೀರ ಕುಡದ ಬದಕಿದಾವ್ರರೀ,” ಎಂದರು ನೀಲವ್ವ. “ಸತ್ತ ಮ್ಯಾಲ ಅದನ್ನ ಕೆಡಸ್ತಾರೇನ್ರಿ?”

“ಅವ್ರು ಕೆಡಸೂದಿಲ್ರಿ ಅಕ್ಕಾರ. ಮಣ್ಣನ ಗುಣ ಹಂಗೈತಿ.”

ಸ್ವಲ್ಪ ಹೊತ್ತು ಬಾವಿಯನ್ನೇ ನೋಡಿದರು. “ಆತ ಬಿಡ್ರಿ. ತ್ವಾಟದ ಕಡೀಕ ಮಾಡ್ರಿ,” ಎಂದರು.

ಬಾವಿಯ ಬಳಿ ಗಟ್ಟಿ ಗರಸು ನೆಲ. ತೋಟದ ಕೊನೆಯಲ್ಲಿ ಎರೆ ಮಣ್ಣು, ನೀರು ಕುಡಿದರೆ ಉಬ್ಬಿ ಮೆತ್ತಗಾಗುವಂಥದು. ಇದು ನನಗೂ ಗೊತ್ತಿತ್ತು, ಕುಣಿ ತೆಗೆಯುವ ಸಿದರಾಯನಿಗೂ ಗೊತ್ತಿತ್ತು. ಅದಕ್ಕೇ ಅವನು ಕುಣಿಯನ್ನು ವಾಡಿಕೆಗಿಂತ ಅಗಲ ಮಾಡಿ, ತೆಂಕಣ ಬದಿಗೆ ಇಳಿಯಲು ಮೆಟ್ಟಿಲು ಕಡಿದಿದ್ದ. ಮಲ್ಲಪ್ಪ ಬಂದು ನೋಡಿ, “ಇಷ್ಟ್ಯಾಕ ಅಗಲ ತಗದೀಪಾ, ಕುಸ್ತಿ ಕಣ ಮಾಡಾವೇನು?” ಎಂದಿದ್ದ. ಗೂಡಿನ ಮೇಲೆ ಭಾರ ಬೀಳಬಾರದೆಂದು ಮಣ್ಣನ್ನೆಲ್ಲ ಎದುರಿನ ಮೂಡಲ ಬದಿಗೆ ಎಸೆದಿದ್ದರು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಅದರಲ್ಲಿ ತಪ್ಪಿರಲಿಲ್ಲ.

ಸಂಗಪ್ಪನವರನ್ನು ವಿಜಯಪುರದಿಂದ ತರಿಸಿದ ಹೆಣದ ಗಾಡಿಯಲ್ಲಿ ತೋಟದ ದಾರಿಯವರೆಗೆ, ಅಲ್ಲಿಂದ ವಿಮಾನದಲ್ಲಿ ಕುಣಿಯವರೆಗೆ ತಂದರು. ಗಾಡಿಯ ಚಾಲಕ ದಸ್ತಗೀರ ನನಗೆ ಹಳೆಯ ಪರಿಚಯ. ಅವನೂ ಬಂದು ನನ್ನ ಪಕ್ಕ ನಿಂತ. ನಾನು ಆಳ ನೋಡಿದೆ, ಬಾವಿಯ ದೂರವನ್ನು ಮೊದಲೇ ನೋಡಿದ್ದೆ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಹೊರಡಲಿಲ್ಲ, ಅಷ್ಟೆ.

ವಿಧಿ ಮಾಡಿಸಲು ಬಂದ ಅಯ್ಯನವರು, ಅವರ ಹೆಸರು ಚನ್ನಯ್ಯ, ಮಲ್ಲಪ್ಪನ ಜತೆ ಕೆಳಗಿಳಿದು ಸಂಗಪ್ಪನವರನ್ನು ಗೂಡಿನಲ್ಲಿ ಕೂರಿಸಿದರು. ಎಡಗೈಯಲ್ಲಿ ಇಷ್ಟಲಿಂಗವಿಟ್ಟರು. ವಿಭೂತಿ ಗಟ್ಟಿಗಳನ್ನೂ ಬಿಲ್ವಪತ್ರಿಯನ್ನೂ ಒಟ್ಟುವ ಕೆಲಸ ಮಲ್ಲಪ್ಪನಿಗೆ ಬಿಟ್ಟು ಅಯ್ಯನವರು ಮೇಲೆ ಹತ್ತಿ ಕಾಲಿನ ಮಣ್ಣು ಒರೆಸಿಕೊಳ್ಳುತ್ತಿದ್ದರು. ಆಗ ಯಾರೋ, “ಕಡೀದ ಮುಖ ನೋಡವ್ರು ಬರ್ರಿ,” ಎಂದರು. ಯಾರೆಂದು ನಾನು ಕಾಣಲಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮಲಗಿಸಿದವರ ಮುಖವನ್ನು ಯಾವ ಬದಿಯಿಂದಾದರೂ ನೋಡಬಹುದು. ಕೂರಿಸಿದವರ ಮುಖ ಎದುರಿನಿಂದ ಮಾತ್ರ ಕಾಣುತ್ತದೆ. ಸಂಗಪ್ಪನವರು ಮೂಡಲಕ್ಕೆ ಮುಖ ಮಾಡಿ ಕೂತಿದ್ದರು. ಬಂದವರೆಲ್ಲ ಮೂಡಲ ಬದಿಗೆ ಸರಿದರು. ಹಿಂದಿನವರಿಗೆ ಕಾಣದೆ ಅವರು ಮಣ್ಣಿನ ಗುಡ್ಡೆಯ ಮೇಲೆ ಹತ್ತಿದರು.

ಕುಸಿದ ಸದ್ದು ದೊಡ್ಡದಾಗಿರಲಿಲ್ಲ. ಒದ್ದೆ ಗೋಣಿಚೀಲವನ್ನು ನೆಲಕ್ಕೆ ಒಗೆದಂತಿತ್ತು. ಮೂಡಲ ಗೋಡೆ, ಗುಡ್ಡೆಯ ಮುಂಭಾಗ, ತೆಂಕಣ ಮೆಟ್ಟಿಲು ಒಟ್ಟಿಗೇ ಕೆಳಗೆ ಹೋದವು. ಮೇಲಿದ್ದವರು ಹಿಂದಕ್ಕೆ ಬಿದ್ದರು, ಅವರಿಗೆ ಏನೂ ಆಗಲಿಲ್ಲ. ಮಲ್ಲಪ್ಪ ಅಣ್ಣನ ಕಡೆ ಮುಖ ಮಾಡಿ ಬಗ್ಗಿದ್ದ. ಮಣ್ಣು ಬೆನ್ನ ಹಿಂದಿನಿಂದ ಬಂದು ಅವನನ್ನು ಗೂಡಿನ ಬಾಯಿಗೆ ಒತ್ತಿ ನಿಲ್ಲಿಸಿತು. ಎದೆಯವರೆಗೆ ಹೂತಿದ್ದ. ಬಲಗೈ ಒಂದು ಹೊರಗಿತ್ತು. ಅಣ್ಣನ ಮುಖವೂ ಅವನ ಮುಖವೂ ಎದುರುಬದುರು ಇದ್ದವು. ಗೂಡಿನೊಳಕ್ಕೆ ಹೆಚ್ಚು ಮಣ್ಣು ಹೋಗಿರಲಿಲ್ಲ.

ಮೊದಲು ಕೂಗಿದವನು ಸಿದರಾಯ. ನೆಗೆಯಲು ಬಂದವರ ಮುಂದೆ ಸಲಿಕೆ ಅಡ್ಡ ಹಿಡಿದು ನಿಂತಿದ್ದ.

“ಯಾವನರ ಇಳದ್ರ ಕಾಲ ಮುರೀತೇನಿ! ನೀವ ಕಾಲಿಟ್ಟಷ್ಟೂ ಅವನ ಎದೀ ಮ್ಯಾಲ ಮಣ್ಣ ಒತ್ತತೈತಿ. ಹಿಂದ ಸರೀರಿ!”

ದಸ್ತಗೀರನೂ ನಾನೂ ತೋಳು ಚಾಚಿ ಜನರನ್ನು ಹಿಂದೆ ಸರಿಸಿದೆವು. ತೋಟದ ಪಕ್ಕದಲ್ಲೇ ಒಣದ್ರಾಕ್ಷಿಯ ಶೆಡ್ ಇತ್ತು. ಅಲ್ಲಿಂದ ಹಲಗೆ, ಹಗ್ಗ, ದ್ರಾಕ್ಷಿ ತುಂಬುವ ಕ್ರೇಟ್ ತರಿಸಿದೆವು. ಸಿದರಾಯ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ನಾನಿದ್ದ ಬಡಗಣ ಅಂಚಿನಿಂದ ಇಳಿದ. ಹಗ್ಗ ನಮ್ಮ ಕೈಯಲ್ಲಿತ್ತು. ಸಡಿಲ ಮಣ್ಣಿಗೆ ತಾಗದಂತೆ ಕಾಲು ಮಡಚಿಕೊಂಡು ಅವನು ತೂಗಾಡುತ್ತಿದ್ದ.

“ಕಾಲಿಡಾಕ ಜಾಗ ಇಲ್ಲರಿ, ಸಾಹೇಬ್ರ.”

ಜಾಗ ಒಂದೇ ಇತ್ತು. ಅದನ್ನು ಅವನೂ ನೋಡಿದ್ದ, ನಾನೂ ನೋಡಿದ್ದೆ. ಗೂಡಿನಲ್ಲಿ ಪದ್ಮಾಸನ ಹಾಕಿ ಕೂತ ಸಂಗಪ್ಪನವರ ತೊಡೆ.

ಅಯ್ಯನವರು ಮೆಲ್ಲಗೆ, “ಲಿಂಗ ಐತಿ ಅಲ್ಲಿ,” ಎಂದರು. ಅದು ಬೈಗುಳವೂ ಅಲ್ಲ, ತಡೆಯೂ ಅಲ್ಲ. ಇದ್ದದ್ದನ್ನು ಹೇಳಿದರು. ಮಲ್ಲಪ್ಪನ ಬಾಯಿ ತೆರೆದಿತ್ತು, ತುಟಿ ಬಣ್ಣಗೆಟ್ಟಿತ್ತು. ಉಸಿರು ಅರ್ಧಕ್ಕೆ ಹೋಗಿ ನಿಲ್ಲುತ್ತಿತ್ತು.

ನೀಲವ್ವ ಅಂಚಿಗೆ ಬಂದರು. ನಾನು ತಡೆಯಲು ಕೈ ಚಾಚಿದೆ. ಅವರು ನನ್ನ ಕೈಯನ್ನೇ ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದರು. ಕೆಳಗೆ ಗಂಡನ ಕಡೆಗೆ ನೋಡಿ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದರು:

“ಏನ್ರಿ, ಸಿದರಾಯ ನಿಮಗ ಭಾರ ಆಗ್ತಾನೇನ್ರಿ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಲೆ ಎತ್ತಿದರು.

“ಇಲ್ಲಂತ. ಕಾಲಿಡೋ ಸಿದರಾಯ.”

ಆಗ ಅಯ್ಯನವರು ಅಂಚಿನಲ್ಲಿ ಬೋರಲು ಮಲಗಿ ಕೂಗಿದರು. “ಮಲ್ಲಪ್ಪಾ, ನಿನ್ನ ಬಲಗೈ ಬಿಡುವೈತಿ. ಅಣ್ಣನ ಕೈಯಾಗಿನ ಲಿಂಗ ತಗೊ. ಮುಷ್ಟಿಯೊಳಗ ಹಿಡಕೊ. ಬಿಡಬ್ಯಾಡ.”

ಮಲ್ಲಪ್ಪನ ಕೈ ಗಾಳಿಯಲ್ಲಿ ತಡವರಿಸಿ, ಅಣ್ಣನ ಅಂಗೈ ಹುಡುಕಿ, ಮುಚ್ಚಿಕೊಂಡಿತು. ಸಿದರಾಯ ಸಂಗಪ್ಪನವರ ಹಣೆ ಮುಟ್ಟಿ, ಆ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡು, ತೊಡೆಯ ಮೇಲೆ ಕಾಲಿಟ್ಟ.

ಅಲ್ಲಿಂದ ಮುಂದೆ ಎಷ್ಟು ಹೊತ್ತು ಹಿಡಿಯಿತೆಂದು ಹೇಳಲಾರೆ. ಮಲ್ಲಪ್ಪನ ಬೆನ್ನಿಗೂ ಮಣ್ಣಿಗೂ ನಡುವೆ ಹಲಗೆ ಇಳಿಸಿದ. ಸಲಿಕೆ ಮುಟ್ಟಲಿಲ್ಲ, ಕೈಯಿಂದಲೇ ಮಣ್ಣು ಬಗೆದು ಕ್ರೇಟಿಗೆ ತುಂಬಿದ. ನಾವು ಎಳೆದು ಹಿಂದಿನವರಿಗೆ ಕೊಟ್ಟೆವು. ಬಗೆಯುತ್ತ ಮಾತಾಡುತ್ತಲೇ ಇದ್ದ.

“ಮಾತಾಡಬ್ಯಾಡ, ಉಸರ ಒಂದ ಎಳಿ. ಮುಂಜಾನೆ ನನ್ನ ಕುಣೀಗೆ ನಕ್ಕಿದ್ದೆಲ್ಲ ಮಗನ, ಕುಸ್ತಿ ಕಣ ಅಂತ? ಈಗ ಆಡು ಕುಸ್ತಿ.”

ಕೆಳಗಿನಿಂದ ಸಣ್ಣದೊಂದು “ಲೇ” ಕೇಳಿಸಿತು. ಮಲ್ಲಪ್ಪನ ದನಿ. ಅಲ್ಲಿಯವರೆಗೆ ಅಳದೆ ಕೂತಿದ್ದ ನೀಲವ್ವ ಆಗ ಅತ್ತರು.

ಸೊಂಟ ಬಿಡುಗಡೆಯಾದ ಮೇಲೆ ಅವನನ್ನು ಮೇಲೆಳೆದೆವು. ಪಕ್ಕೆಲುಬು ಮುರಿದಿತ್ತು, ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಬಲಗೈ ಮುಷ್ಟಿ ಮಾತ್ರ ಬಿಚ್ಚಲೊಲ್ಲ. ಅಯ್ಯನವರು ಕೇಳಿದರು, ಬಿಚ್ಚಲಿಲ್ಲ. ನೀಲವ್ವ ಅವನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

“ಮಲ್ಲೂ, ಅದು ನಿಂದಲ್ಲಪಾ. ಅಣ್ಣಂದು. ಕೊಟ್ಟ ಕಳಸು.”

“ವೈನಿ,” ಎಂದು ಅತ್ತಿಗೆಯನ್ನು ಕರೆದ. ಬಿಚ್ಚಿದ.

ಇನ್ನು ಯಾರೂ ಕುಣಿಗೆ ಇಳಿಯಕೂಡದೆಂದು ನಾನು ಹೇಳಿದ್ದೆ. ಅಯ್ಯನವರು ಒಪ್ಪಿ, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಪತ್ರಿಯ ಜತೆ ಸುತ್ತಿ ಕ್ರೇಟಿನಲ್ಲಿ ಇಳಿಬಿಟ್ಟರು. ಕೆಳಗೇ ಇದ್ದ ಸಿದರಾಯ ಕೈಯನ್ನು ತನ್ನ ಅಂಗಿಗೆ ಒರೆಸಿಕೊಂಡು, ಲಿಂಗವನ್ನು ಸಂಗಪ್ಪನವರ ಅಂಗೈಯಲ್ಲಿಟ್ಟ. ಆಮೇಲೆ ತಲೆಯ ಟವೆಲ್ ಬಿಚ್ಚಿ, ಅವರ ತೊಡೆಯ ಮೇಲೆ ಮೂಡಿದ್ದ ತನ್ನ ಕಾಲಿನ ಕೆಸರನ್ನು ಒರೆಸಿದ. ಒಂದು ಕಡೆ ಕಲೆ ಹೋಗಲಿಲ್ಲ. ಅಲ್ಲಿ ವಿಭೂತಿ ಬಳಿದ. ಕೊನೆಗೆ ಹಗ್ಗ ಹಿಡಿದು ಮೇಲೆ ಬಂದ.

ಅಲ್ಲಿದ್ದ ದೊಡ್ಡ ಗಾಡಿ ಹೆಣದ ಗಾಡಿ ಒಂದೇ. ಮಲ್ಲಪ್ಪನನ್ನು ಅದರಲ್ಲೇ ಮಲಗಿಸಿದೆವು. ದಸ್ತಗೀರ ಬಾಗಿಲು ಹಾಕುವಾಗ, “ಈ ಗಾಡ್ಯಾಗ ಉಸರಾಡಕೋತ ಹೊಂಟಾಂವ ನೀನ ಮೊದಲ್ನೆಯಾಂವ. ಹಂಗ ಇರು, ನನ್ನ ಮಾನ ಉಳಸು,” ಎಂದ. ಇತ್ತ ಉಳಿದವರು ಮೇಲಿನಿಂದಲೇ ಮಣ್ಣು ಕೊಟ್ಟು ಮುಗಿಸಿದರು.

ಆಮೇಲೆ ಬಂದು ನೋಡಿದ ಅಧಿಕಾರಿ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು. ನಾನೂ ಹಾಗೇ ಅಂದುಕೊಂಡಿದ್ದೇನೆ. ಆದರೂ ಎರೆ ಮಣ್ಣಿನ ವಾಸನೆ ಬಂದರೆ ಇವತ್ತಿಗೂ ನಾನು ಇದ್ದಲ್ಲಿಂದ ಎದ್ದು ಹೋಗುತ್ತೇನೆ. ಇನ್ನು ಮುಂದೆ ಹೊಲದಲ್ಲಿ ಹೂಳುವುದನ್ನೇ ನಿಲ್ಲಿಸಿಬಿಡೋಣ ಎಂದೂ ಆ ಅಧಿಕಾರಿ ಕೇಳಿದರು. ಬೇಡವೆಂದೆ. ನಿಲ್ಲಿಸಿದರೆ ಜನ ಹೇಳದೆ ಹೂಳುತ್ತಾರೆ, ಹೇಳದೆ ಇಳಿಯುತ್ತಾರೆ.

ನಮ್ಮ ನಿಯಮಗಳಲ್ಲಿ ಸತ್ತವರ ವಿಷಯ ಇದೆ, ನೀರಿನ ವಿಷಯ ಇದೆ. ಕುಣಿಯೊಳಗೆ ಇಳಿಯುವ ಬದುಕಿದವರ ವಿಷಯ ನಾನು ನೋಡಿದ ಯಾವ ನಿಯಮದಲ್ಲೂ ಇರಲಿಲ್ಲ. ಆ ಶ್ರಾವಣದ ನಂತರ ಒಪ್ಪಿಗೆ ಕೊಡುವಾಗ ನನ್ನದೇ ಕೆಲವು ಮಾತು ಸೇರಿಸಿದೆ. ಮುಖ ನೋಡುವುದೆಲ್ಲ ವಿಮಾನದಲ್ಲಿ ಇರುವಾಗಲೇ ಆಗಲಿ, ಇಳಿಸಿದ ಮೇಲೆ ಬೇಡ. ಅಗೆದ ಮಣ್ಣನ್ನು ಅಂಚಿನಿಂದ ದೂರಕ್ಕೆ ಹೊತ್ತು ಹಾಕಲಿ. ಎರೆ ನೆಲವಾದರೆ ಗೋಡೆಗೆ ಹಲಗೆ ಕೊಡಲಿ, ಹಗ್ಗ ಮೊದಲೇ ತಂದಿಡಲಿ. ಕಳ್ಳಕವಟಗಿಯ ರೈತರೊಬ್ಬರು, “ಸಾಹೇಬ್ರ, ಬಾವಿ ತೋಡಾಕ ಇಷ್ಟ ಕಾನೂನಿಲ್ಲ,” ಎಂದು ನನ್ನನ್ನು ಹಾಸ್ಯ ಮಾಡಿದರು. ಮಾಡಿದರೂ ಹಲಗೆ ತಂದರು. ನೀವೂ ಕೇಳಿ. ಅಳತೆ ಆಯಿತೆಂದು ಗಾಡಿ ಹತ್ತಬೇಡಿ. ಇಳಿದವರೆಲ್ಲ ಮೇಲೆ ಬಂದದ್ದನ್ನು ಕಣ್ಣಿನಿಂದ ನೋಡಿ ಹೊರಡಿ.

ನಾನು ಬರೆದದ್ದರಲ್ಲಿ ಸಂಶಯ ಬಂದರೆ ಕೇಳಲು ಜನರಿದ್ದಾರೆ. ಚನ್ನಯ್ಯನವರು ಈಗಿಲ್ಲ. ದಸ್ತಗೀರ ವಿಜಯಪುರದಲ್ಲಿದ್ದಾನೆ, ಗಾಡಿ ಓಡಿಸುವುದನ್ನು ಬಿಟ್ಟಿದ್ದಾನೆ. ಸಿದರಾಯ ಟಿಕೋಟಾದಲ್ಲೇ ಇದ್ದಾನೆ. ಮೊಣಕಾಲು ನೋವು, ತಾನು ಇಳಿಯುವುದಿಲ್ಲ, ಮೇಲೆ ನಿಂತು ಇಳಿದವರನ್ನು ಬೈಯುತ್ತಾನೆ. ನೀಲವ್ವ ಇದ್ದಾರೆ. ಇದನ್ನು ಅವರಿಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಒಂದು ಕಡೆ ತಡೆದರು.

“ಸುಮ್ಮನಿದ್ದರು ಅಂತ ಬರದೀರಲ್ರಿ, ಅದು ತಪ್ಪ. ನಾ ಸುಮ್ನ ಇದ್ದಿಲ್ಲ. ಕೇಳಾಕತ್ತಿದ್ದೆ.”

ನನಗೆ ಕಂಡದ್ದು ಸುಮ್ಮನಿದ್ದದ್ದೇ, ಆದ್ದರಿಂದ ತಿದ್ದಲಿಲ್ಲ. ಅವರ ಮಾತನ್ನು ಇಲ್ಲಿ ಸೇರಿಸಿದ್ದೇನೆ.

ನಾವೆಲ್ಲ ಮೇಲಿನಿಂದ ನೋಡಿದವರು. ಸಿದರಾಯನ ಕಾಲು ಆ ತೊಡೆಯ ಮೇಲೆ ಬಂದು ನಿಂತದ್ದನ್ನು ಕೆಳಗಿನಿಂದ, ಅಣ್ಣನ ಮುಖದ ಎದುರಿಗೇ ಇದ್ದು ನೋಡಿದವನು ಮಲ್ಲಪ್ಪ ಒಬ್ಬನೇ. ಅವನೂ ಇದ್ದಾನೆ.